ಮಾರಿದ ಯಂತ್ರವನ್ನು ಮತ್ತೊಮ್ಮೆ ಮಾರಬೇಡಿ

ಅಂಗಡಿ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟನ್ನು ನನ್ನ ಮುಂದೆ ಇಟ್ಟಿವೆ. ಎಂದೋ ಮಾರಿದ ಯಂತ್ರಕ್ಕೆ ವರ್ಷ ವರ್ಷವೂ ಕೊಡುವ ಸೇವೆಯನ್ನು ತಂತ್ರಾಂಶದಲ್ಲಿ ಹೇಗೆ ಜೋಡಿಸಬೇಕು ಎಂಬುದೇ ಆ ಗಂಟು. ಕಲಬುರಗಿಯಲ್ಲಿ ಇನ್ವರ್ಟರ್ ಮತ್ತು ತೂಕದ ಯಂತ್ರಗಳ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು ನಾನು. ಈಗ ಸಣ್ಣ ಅಂಗಡಿಗಳಿಗೆ ಹೋಗಿ ಇದೇ ಕೆಲಸವನ್ನು ಹೊಂದಿಸಿಕೊಡುತ್ತೇನೆ. ಆದ್ದರಿಂದ ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರೂ ಅದನ್ನು ಓದಿಕೊಂಡೇ ಮುಂದೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಇಲ್ಲಿನ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ಎಲೆಕ್ಟ್ರಾನಿಕ್ ಕಾಟಾ, ಅಂದರೆ ತೂಕದ ಯಂತ್ರ ಮಾರುವ ಅಂಗಡಿ ನಮ್ಮದು. ಅಡತಿ (ಧಾನ್ಯದ ದಲ್ಲಾಳಿ) ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ಇದುವರೆಗೆ ಆರುನೂರಕ್ಕೂ ಹೆಚ್ಚು ಕಾಟಾ ಕೊಟ್ಟಿದ್ದೇವೆ. ಹೋದ ವರ್ಷ ತಂತ್ರಾಂಶ ಹಾಕಿಸಿದೆವು. ಎಲ್ಲ ಕಾಟಾಗಳೂ ಅದರಲ್ಲಿ ‘ಕಸ್ಟಮರ್ ಅಸೆಟ್’ ಎಂದು, ಅಂದರೆ ಗ್ರಾಹಕರ ಬಳಿಯಿರುವ ಯಂತ್ರ ಎಂದು ದಾಖಲಾಗಿವೆ. ಈಗ ಅವುಗಳಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಸೇರಿಸಬೇಕು. ನನ್ನ ಮಗ ಹೊಸ ಆರ್ಡರ್ ಹಾಕಿದರೆ ಒಪ್ಪಂದದ ಜೊತೆಗೆ ಕಾಟಾವೂ ಬಿಲ್ಲಿಗೆ ಬರುತ್ತದೆ, ಸ್ಟಾಕಿನಲ್ಲಿ ಒಂದು ಕಡಿಮೆಯಾಗುತ್ತದೆ. ಸೇವೆಯನ್ನು ಗ್ರಾಹಕರ ಹೆಸರಿಗೆ ಬರೆದುಬಿಟ್ಟರೆ ಸಾಲದೇ?
– ಕಾಟಾ ವ್ಯಾಪಾರಿ, ಕಲಬುರಗಿ

ಉತ್ತರ: ಸಾಲದು ಸಾಹುಕಾರರೇ. ನಿಮ್ಮ ಗ್ರಾಹಕರ ಪಟ್ಟಿಯನ್ನೇ ಒಮ್ಮೆ ತೆರೆದು ನೋಡಿ. ಶರಣಬಸಪ್ಪ ಎಂಬ ಹೆಸರಿನವರು ಎಷ್ಟು ಮಂದಿ ಇದ್ದಾರೆ? ಮಲ್ಲಿಕಾರ್ಜುನ, ಬಸವರಾಜ, ಸಿದ್ಧಲಿಂಗಪ್ಪ ಎಷ್ಟು ಮಂದಿ? ನಮ್ಮ ಊರಿನಲ್ಲಿ ಹೆಸರೊಂದೇ ಗುರುತಾಗುವುದಿಲ್ಲ. ಒಬ್ಬರೇ ಗ್ರಾಹಕರಾದರೂ ಅಂಗಡಿಯಲ್ಲಿ ಎರಡು ಕಾಟಾ, ಗೋದಾಮಿನಲ್ಲಿ ಒಂದು, ಮಿಲ್ಲಿನಲ್ಲಿ ಮೂರು ಇರುತ್ತವೆ. ಸೇವೆ ಮಾಡುವುದು ಮನುಷ್ಯರಿಗಲ್ಲ, ಯಂತ್ರಕ್ಕೆ. ಒಪ್ಪಂದ ಯಾವ ಯಂತ್ರದ ಮೇಲೆ ಕುಳಿತಿದೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಹುಡುಗರು ಕೈಗೆ ಸಿಕ್ಕ ಯಂತ್ರವನ್ನು ಒರೆಸಿ ಸಹಿ ಹಾಕಿಸಿಕೊಂಡು ಬರುತ್ತಾರೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ನಾನಿದ್ದ ಅಂಗಡಿಯಿಂದ ಒಂದು ನರ್ಸಿಂಗ್ ಹೋಂಗೆ ಐದು ಇನ್ವರ್ಟರ್ ಹೋಗಿದ್ದವು. ಒಪ್ಪಂದದ ಸಾಲಿನಲ್ಲಿ ಗ್ರಾಹಕರ ಹೆಸರು, ‘ಇನ್ವರ್ಟರ್ ವಾರ್ಷಿಕ ಸೇವೆ’ ಎಂಬ ಮೂರು ಪದ ಮತ್ತು ಮೊತ್ತ ಇಷ್ಟೇ ಇತ್ತು. ಹುಡುಗರು ಪ್ರತಿ ಸಲವೂ ಹೋಗಿ ಕೆಳಗಿನ ಮಹಡಿಯ ಮೂರಕ್ಕೆ ಡಿಸ್ಟಿಲ್ಡ್ ನೀರು ಹಾಕಿ ಬಂದರು. ಮೇಲಿನ ಎರಡನ್ನು ಯಾರೂ ನೋಡಲಿಲ್ಲ, ಅವು ಅಲ್ಲಿವೆ ಎಂದು ಅವರಿಗೆ ಹೇಳುವ ಕಾಗದವೂ ಇರಲಿಲ್ಲ. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ. 42 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬ್ಯಾಟರಿಯ ನೀರು ಬೇಗ ಆರುತ್ತದೆ. ಒಂದು ರಾತ್ರಿ ಕರೆಂಟ್ ಹೋದಾಗ ಹೆರಿಗೆ ಕೋಣೆಯ ದೀಪ ಹತ್ತಲಿಲ್ಲ. ಫೋನ್ ಮಾಡಿದ ನರ್ಸ್‌ನ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಟಾರ್ಚ್ ಬೆಳಕಿನಲ್ಲಿ ತಾಯಿ ಮಗು ಇಬ್ಬರೂ ಸುಖವಾಗಿ ಪಾರಾದರು. ಆ ಒಪ್ಪಂದದ ಸಾಲನ್ನು ಬರೆದವಳು ನಾನೇ. ಅಂದಿನಿಂದ ಯಂತ್ರದ ಸೀರಿಯಲ್ ನಂಬರ್ ಇಲ್ಲದ ಒಪ್ಪಂದವನ್ನು ನಾನು ಬರೆದಿಲ್ಲ, ಬರೆಯಲು ಬಿಟ್ಟೂ ಇಲ್ಲ.

ಈಗ ನಿಮ್ಮ ಮಗನಿಗೆ ಹೇಳಬೇಕಾದದ್ದು. ಅವರು ಹೊಸ ಮಾರಾಟದ ಆರ್ಡರ್ ಹಾಕುತ್ತಿದ್ದಾರೆ. ಅದರಲ್ಲಿ ಕಾಟಾದ ಐಟಂ ಆರಿಸಿದ ಕೂಡಲೇ ತಂತ್ರಾಂಶಕ್ಕೆ ಅದು ಹೊಸ ಕಾಟಾ. ಸ್ಟಾಕ್ ಇಳಿಯುತ್ತದೆ, ಅದೇ ಗ್ರಾಹಕರಿಗೆ ಎರಡನೆಯ ಅಸೆಟ್ ಹುಟ್ಟಿಕೊಳ್ಳುತ್ತದೆ. ಒಂದು ವರ್ಷ ಹೀಗೇ ನಡೆದರೆ ಆರುನೂರು ಯಂತ್ರ ಸಾವಿರದ ಇನ್ನೂರಾಗುತ್ತವೆ, ಅರ್ಧದಷ್ಟು ಬರಿಯ ನೆರಳುಗಳು. ಮಾಡಬೇಕಾದದ್ದು ಉಲ್ಟಾ. ಮೊದಲು ಸೀರಿಯಲ್ ನಂಬರ್ ಹಾಕಿ ಆ ಕಾಟಾದ ಹಳೆಯ ದಾಖಲೆಯನ್ನು ತೆರೆಯಬೇಕು. ಅಲ್ಲಿಂದಲೇ ಸೇವೆ ಸೇರಿಸುವ ದಾರಿ ಹಿಡಿಯಬೇಕು. ಹೊಸ ಆರ್ಡರಿನಲ್ಲಿ ಸೇವೆಯ ಸಾಲು ಒಂದೇ ಇರಬೇಕು, ಆ ಸಾಲು ಹಳೆಯ ಅಸೆಟ್‌ಗೆ ಕಟ್ಟಿಕೊಂಡಿರಬೇಕು. ಸೇವೆಯ ಐಟಂ ಮಾಡುವಾಗ ‘ಸ್ಟಾಕ್ ಇಡುವ ವಸ್ತು’ ಎಂಬ ಗುರುತನ್ನು ತೆಗೆದುಬಿಡಿ. ಅದರ ದರ ಒಂದು ಸಲದ್ದಲ್ಲ, ಮರುಕಳಿಸುವಂಥದ್ದು ಎಂದು ನಮೂದಿಸಿ. ನಿಮ್ಮ ತೊಂದರೆಯ ಮುಕ್ಕಾಲು ಭಾಗ ಇಲ್ಲಿಯೇ ಮುಗಿಯುತ್ತದೆ.

ತಂತ್ರಾಂಶದಿಂದ ತಂತ್ರಾಂಶಕ್ಕೆ ಹೆಸರುಗಳು ಬೇರೆ. ಸೇಲ್ಸ್‌ಫೋರ್ಸ್‌ನಲ್ಲಿ ಸೇವಾ ಒಪ್ಪಂದದ ಒಳಗೆ ಸಾಲುಗಳಿರುತ್ತವೆ, ಪ್ರತಿ ಸಾಲಿಗೂ ಅಸೆಟ್ ತುಂಬುವ ಕಾಲಂ ಇದೆ. ಇಆರ್‌ಪಿನೆಕ್ಸ್ಟ್ ಬಳಸುವವರು ಒಂದು ಮಾತನ್ನು ನೆನಪಿಡಬೇಕು. ಅಲ್ಲಿ ‘ಅಸೆಟ್’ ಎಂದರೆ ನಿಮ್ಮ ಅಂಗಡಿಯ ಸ್ವಂತ ಆಸ್ತಿ, ಅಂದರೆ ನಿಮ್ಮ ಕಂಪ್ಯೂಟರ್, ನಿಮ್ಮ ಟೆಂಪೋ. ಮಾರಿದ ಕಾಟಾವನ್ನು ಅಲ್ಲಿ ಬರೆದರೆ ವರ್ಷದ ಕೊನೆಗೆ ಅದರ ಮೇಲೆ ಸವಕಳಿ ಲೆಕ್ಕ ಬೀಳುತ್ತದೆ. ಮಾರಿದ ಯಂತ್ರದ ಜಾಗ ಅಲ್ಲಿ ‘ಸೀರಿಯಲ್ ನಂಬರ್’ ಎಂಬ ದಾಖಲೆ. ವಾರಂಟಿ ಮುಗಿಯುವ ದಿನ, ವಾರ್ಷಿಕ ಒಪ್ಪಂದ ಮುಗಿಯುವ ದಿನ ಎರಡಕ್ಕೂ ಅದರಲ್ಲೇ ಕಾಲಂ ಇದೆ. ನಿಮ್ಮ ತಂತ್ರಾಂಶದ ಹೆಸರನ್ನು ನೀವು ಬರೆದಿಲ್ಲ. ಯಾವುದೇ ಇರಲಿ, ‘ಅಸೆಟ್’ ಎಂದರೆ ಯಾರ ಆಸ್ತಿ ಎಂದು ಅದನ್ನು ಹಾಕಿಕೊಟ್ಟವರನ್ನು ಮೊದಲ ದಿನವೇ ಕೇಳಿಕೊಳ್ಳಿ.

ಸೇವೆ ಯಾವ ದಿನದಿಂದ ಶುರುವಾಗಬೇಕು? ಪರದೆಯ ಮೇಲೆ ಇಂದಿನ ದಿನಾಂಕ ತಾನಾಗಿಯೇ ಕುಳಿತಿರುತ್ತದೆ. ಅದನ್ನು ಒಪ್ಪಿಕೊಳ್ಳಬೇಡಿ. ಕಾಟಾದ ವಾರಂಟಿ 2025ರ ಆಗಸ್ಟ್ 14ಕ್ಕೆ ಮುಗಿಯುವುದಾದರೆ ಒಪ್ಪಂದ ಆಗಸ್ಟ್ 15ಕ್ಕೆ ಶುರುವಾಗಿ 2026ರ ಆಗಸ್ಟ್ 14ಕ್ಕೆ ಮುಗಿಯಬೇಕು. ವಾರಂಟಿ ಇರುವಾಗಲೇ ಒಪ್ಪಂದ ಶುರು ಮಾಡಿದರೆ ಪುಕ್ಕಟೆ ಕೊಡಬೇಕಾದ ಸೇವೆಗೆ ಹಣ ತೆಗೆದುಕೊಂಡಂತೆ, ಅದು ಗ್ರಾಹಕರಿಗೆ ಮಾಡುವ ಅನ್ಯಾಯ. ಆಗಸ್ಟ್ 15ರಿಂದ ಮುಂದಿನ ಆಗಸ್ಟ್ 15ಕ್ಕೆ ಎಂದು ಬರೆಯುವವರೂ ಇದ್ದಾರೆ. ಹಾಗೆ ಬರೆದರೆ ಪ್ರತಿ ನವೀಕರಣಕ್ಕೂ ಒಂದು ದಿನ ಮುಂದೆ ಜಾರುತ್ತದೆ. ವಾರಂಟಿ ಎಂದೋ ಮುಗಿದ ಹಳೆಯ ಕಾಟಾಗಳಿಗೆ ಬೇರೆ ದಾರಿ: ಮೊದಲು ಯಂತ್ರವನ್ನು ತಪಾಸಣೆ ಮಾಡಿ, ಲೋಡ್ ಸೆಲ್ (ಭಾರವನ್ನು ಅಳೆಯುವ ಒಳಭಾಗ) ಸರಿಯಿದೆಯೇ ನೋಡಿ, ಆ ತಪಾಸಣೆಯ ದಿನದಿಂದ ಒಪ್ಪಂದ ಆರಂಭಿಸಿ. ತಪಾಸಣೆ ಮಾಡದೆ ಹಳೆಯ ಯಂತ್ರವನ್ನು ಬಿಡಿಭಾಗ ಸಹಿತವಾದ ಒಪ್ಪಂದಕ್ಕೆ ತೆಗೆದುಕೊಂಡು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಭೇಟಿಯ ಗಡಿಯಾರ ಬೇರೆ, ಬಿಲ್ಲಿನ ಗಡಿಯಾರ ಬೇರೆ. ನೀವು ವರ್ಷಕ್ಕೆ ಮೂರು ಸಲ ಹೋಗಬಹುದು, ಹಣವನ್ನು ವರ್ಷಕ್ಕೆ ಒಂದೇ ಸಲ ತೆಗೆದುಕೊಳ್ಳಬಹುದು. ಇವೆರಡನ್ನೂ ಒಂದೇ ಕಾಲಂನಲ್ಲಿ ತುಂಬಲು ಹೋದರೆ ಯಾವುದಾದರೊಂದು ಕೆಡುತ್ತದೆ. ಮೈಕ್ರೋಸಾಫ್ಟ್‌ನ ಡೈನಾಮಿಕ್ಸ್ 365 ಫೀಲ್ಡ್ ಸರ್ವಿಸ್‌ನಲ್ಲಿ ಒಂದೇ ಒಪ್ಪಂದದ ಒಳಗೆ ಭೇಟಿಗೆ ಒಂದು, ಬಿಲ್ಲಿಗೆ ಒಂದು ಹೊಂದಿಕೆ ಪ್ರತ್ಯೇಕವಾಗಿಯೇ ಇವೆ. ದೊಡ್ಡ ತಂತ್ರಾಂಶ ನಿಮಗೆ ಬೇಡ, ಆದರೆ ಆ ವಿಂಗಡಣೆ ಬೇಕೇ ಬೇಕು. ಮೂರು ಭೇಟಿಗಳನ್ನು ‘ನಾಲ್ಕು ತಿಂಗಳಿಗೊಮ್ಮೆ’ ಎಂದು ಸಮನಾಗಿ ಹಂಚಬೇಡಿ. ಗಂಜ್‌ಗೆ ಹೊಸ ತೊಗರಿ ಬರುವುದು ಡಿಸೆಂಬರ್‌ನಿಂದ. ಆಗ ಕಾಟಾ ಒಂದು ಗಂಟೆಯೂ ಬಿಡುವಾಗಿರುವುದಿಲ್ಲ, ಕಾಟಾ ನಿಂತರೆ ಹಮಾಲರ ಕೆಲಸವೂ ನಿಲ್ಲುತ್ತದೆ, ಚೀಲ ತಂದ ರೈತರು ಕಾಯುತ್ತಾ ಕೂರಬೇಕಾಗುತ್ತದೆ. ಮುಖ್ಯವಾದ ಭೇಟಿ ನವೆಂಬರ್‌ನಲ್ಲಿಯೇ ಬೀಳುವಂತೆ ದಿನಾಂಕವನ್ನು ಕೈಯಿಂದ ಹಾಕಿ.

ಕಾಟಾಕ್ಕೆ ಮೂರನೆಯ ಗಡಿಯಾರವೂ ಇದೆ, ಅದು ಸರ್ಕಾರದ್ದು. ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಮರು ಸತ್ಯಾಪನೆ, ಅಂದರೆ ತೂಕ ಸರಿಯಿದೆಯೇ ಎಂಬ ಮರುಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಬಿಡಿ ತೂಕದ ಕಲ್ಲುಗಳಿಗೆ 24 ತಿಂಗಳು. ಈ ದಿನ ನಿಮ್ಮ ಒಪ್ಪಂದದ ದಿನದ ಜೊತೆ ಹೊಂದುವುದಿಲ್ಲ, ಪ್ರಮಾಣಪತ್ರದ ಮೇಲಿನ ದಿನದಿಂದ ಎಣಿಸಬೇಕು. ಆದ್ದರಿಂದ ಅಸೆಟ್ ದಾಖಲೆಯಲ್ಲಿ ‘ಮುಂದಿನ ಮುದ್ರೆ’ ಎಂಬ ಪ್ರತ್ಯೇಕ ದಿನಾಂಕ ಇರಲಿ, ಅದಕ್ಕೆ ಒಂದು ತಿಂಗಳು ಮೊದಲು ಜ್ಞಾಪನೆ ಬರಲಿ. ನಡುವೆ ದುರಸ್ತಿಗಾಗಿ ಮುದ್ರೆ ಒಡೆದರೆ ಮರು ಸತ್ಯಾಪನೆ ಆಗುವವರೆಗೆ ಆ ಕಾಟಾದಲ್ಲಿ ವ್ಯಾಪಾರ ಮಾಡುವಂತಿಲ್ಲ, ಹಳೆಯ ದಿನಾಂಕವೂ ಅಳಿಸಿ ಹೊಸದು ಶುರುವಾಗುತ್ತದೆ. ದುರಸ್ತಿಯ ಚೀಟಿಯಲ್ಲಿ ‘ಮುದ್ರೆ ಒಡೆಯಲಾಗಿದೆಯೇ’ ಎಂಬ ಒಂದು ಪ್ರಶ್ನೆ ಸೇರಿಸಿಬಿಡಿ, ಹುಡುಗರು ಹೌದು ಅಲ್ಲ ಎಂದು ಗುರುತು ಹಾಕಿದರೆ ಸಾಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಒಂದು ಸಾಲಿನಲ್ಲಿ, ನಿಮ್ಮ ಸೇವೆಯ ಹಣ ಇನ್ನೊಂದು ಸಾಲಿನಲ್ಲಿ ಇರಲಿ.

ಆರುನೂರನ್ನೂ ಒಂದೇ ದಿನ ತುಂಬಬೇಡಿ. ನಿಮಗೆ ಸಲಿಗೆಯಿರುವ ಒಬ್ಬ ಅಡತಿದಾರರ ಒಂದು ಕಾಟಾಕ್ಕೆ ಮಾಡಿ ನೋಡಿ. ಬಿಲ್ಲು, ಸ್ಟಾಕು, ಭೇಟಿಯ ಪಟ್ಟಿ ಮೂರೂ ಸರಿಯಾಗಿ ಬಂದ ಮೇಲೆ ಮುಂದಿನ ಹತ್ತು.

ಪ್ರಶ್ನೆ: ಅಕ್ಕಾ, ನಾನು ಹುಮನಾಬಾದಿನ ಒಂದು ಏಜೆನ್ಸಿಯಲ್ಲಿ ಡೇಟಾ ಎಂಟ್ರಿ ಮಾಡುತ್ತೇನೆ. 1,100 ವಾಟರ್ ಫಿಲ್ಟರ್‌ಗಳ ಪಟ್ಟಿ ಎಕ್ಸೆಲ್‌ನಲ್ಲಿದೆ. ಅದಕ್ಕೆ ಸೇವಾ ಒಪ್ಪಂದಗಳನ್ನು ಸೇರಿಸಿ ಭಾನುವಾರದೊಳಗೆ ತಂತ್ರಾಂಶಕ್ಕೆ ಏರಿಸು ಎಂದು ಮಾಲೀಕರು ಹೇಳಿದ್ದಾರೆ. ಮೊದಲ ಸಲ ಏರಿಸಿದಾಗ ಸೀರಿಯಲ್ ನಂಬರ್‌ಗಳೇ ಬದಲಾಗಿಬಿಟ್ಟವು. ತಪ್ಪು ನನ್ನದೇ ಎಂದು ಬೈಸಿಕೊಂಡೆ.
– ಓದುಗಳು, ಹುಮನಾಬಾದ್

ಉತ್ತರ: ತಂಗಿ, ಆ ತಪ್ಪು ನಿನ್ನದಲ್ಲ. ಎಕ್ಸೆಲ್ ಬರಿಯ ಅಂಕಿಗಳನ್ನು ಕಂಡರೆ ಅದನ್ನು ಲೆಕ್ಕದ ಸಂಖ್ಯೆ ಎಂದೇ ತಿಳಿಯುತ್ತದೆ. ಆರಂಭದ ಸೊನ್ನೆಗಳನ್ನು ಹಾರಿಸುತ್ತದೆ. ಉದ್ದದ ಸಂಖ್ಯೆಯನ್ನು ನಡುವೆ ‘ಇ’ ಅಕ್ಷರ ಹಾಕಿ ಮಡಚಿ ತೋರಿಸುತ್ತದೆ. 15 ಅಂಕಿಗಳ ಆಚೆ ಇರುವುದನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ, ಒಮ್ಮೆ ಸೊನ್ನೆಯಾದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಪಟ್ಟಿ ತುಂಬುವ ಮೊದಲೇ ಸೀರಿಯಲ್ ನಂಬರಿನ ಕಾಲಂ ಪೂರ್ತಿಯನ್ನು ‘ಟೆಕ್ಸ್ಟ್’ ಎಂದು ಬದಲಿಸಿಕೋ. ಈಗಾಗಲೇ ಕೆಟ್ಟಿರುವ ಫೈಲನ್ನು ರಿಪೇರಿ ಮಾಡುತ್ತಾ ಕೂರಬೇಡ. ಬಿಲ್ಲಿನ ಪುಸ್ತಕದಿಂದಲೋ ಕಂಪನಿ ಕಳಿಸಿದ ಮೂಲ ಪಟ್ಟಿಯಿಂದಲೋ ಹೊಸದಾಗಿ ತೆಗೆದುಕೋ.

ದಿನಾಂಕದ ಕಡೆಗೂ ಕಣ್ಣಿರಲಿ. ನಾವು 05-06-2025 ಎಂದು ಬರೆದರೆ ಜೂನ್ ಐದು. ತಂತ್ರಾಂಶ ಅಮೆರಿಕದ ಕ್ರಮದಲ್ಲಿದ್ದರೆ ಅದು ಮೇ ಆರು ಎಂದು ಓದುತ್ತದೆ. ಹದಿಮೂರನೆಯ ತಾರೀಖಿನಿಂದ ಮುಂದಿನವು ತಪ್ಪೆಂದು ಹೊರಬೀಳುತ್ತವೆ, ಹನ್ನೆರಡರ ಒಳಗಿನವು ಸದ್ದಿಲ್ಲದೆ ತಿರುವುಮುರುವಾಗಿ ಒಳಗೆ ಹೋಗುತ್ತವೆ. ನನಗೆ ಭಯವಿರುವುದು ಆ ಸದ್ದಿಲ್ಲದವುಗಳ ಬಗ್ಗೆಯೇ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-06-05 ಎಂದು ಬರೆದರೆ ಗೊಂದಲ ಕಡಿಮೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದನ್ನು ಈಗ ಹೇಳುತ್ತೇನೆ, ಇದನ್ನು ಬರೆದಿಟ್ಟುಕೋ. ಒಪ್ಪಂದದ ಆರಂಭ ದಿನ ಹಿಂದಿನದಾಗಿದ್ದರೆ ಕೆಲವು ತಂತ್ರಾಂಶಗಳು ಆ ದಿನದಿಂದ ಇಂದಿನವರೆಗೆ ಬಾಕಿಯಿರುವ ಬಿಲ್ಲುಗಳನ್ನೆಲ್ಲ ಒಂದೇ ಉಸಿರಿಗೆ ಸೃಷ್ಟಿಸುತ್ತವೆ. ಜೊತೆಗೆ ಗ್ರಾಹಕರ ಮೊಬೈಲಿಗೆ ಸಂದೇಶವನ್ನೂ ಕಳಿಸುತ್ತವೆ. ಬೀದರ್ ಜಿಲ್ಲೆಯ ಸಾವಿರದ ನೂರು ಮನೆಗಳಿಗೆ ಎಂದೋ ಹಣ ಕೊಟ್ಟು ಮುಗಿಸಿದ ಬಿಲ್ಲು ಮತ್ತೆ ಹೋದರೆ ಫೋನ್ ಎತ್ತುವವಳು ನೀನೇ ತಾನೆ? ಏರಿಸುವ ಮುನ್ನ ತಾನಾಗಿ ಬಿಲ್ ಮಾಡುವುದನ್ನೂ ಸಂದೇಶ ಕಳಿಸುವುದನ್ನೂ ನಿಲ್ಲಿಸಿಡು. ಅಥವಾ ಹಳೆಯ ಅವಧಿಯನ್ನು ಬಿಟ್ಟು, ಮುಂದಿನ ಬಿಲ್ಲಿನ ದಿನಾಂಕವನ್ನು ಮಾತ್ರ ಕೊಡು. ಮೊದಲು ಐದು ಸಾಲು ಏರಿಸು. ಸೀರಿಯಲ್ ನಂಬರ್ ಹಿಡಿದು ಹುಡುಕಿ, ಹಳೆಯ ದಾಖಲೆಗೇ ಸೇವೆ ಅಂಟಿಕೊಂಡಿದೆಯೇ, ಹೊಸ ದಾಖಲೆ ಹುಟ್ಟಿದೆಯೇ ನೋಡು. ಹೊಸದು ಹುಟ್ಟಿದ್ದರೆ ಅಲ್ಲಿಗೇ ನಿಲ್ಲಿಸು.

ಭಾನುವಾರದೊಳಗೆ ಆಗುವ ಕೆಲಸ ಇದಲ್ಲ. ಮಾಲೀಕರ ಮುಂದೆ ಲೆಕ್ಕ ಇಡು: ಒಂದು ಸಾಲನ್ನು ಬಿಲ್ಲಿನ ಜೊತೆ ತಾಳೆ ನೋಡಲು ಮೂರು ನಿಮಿಷವಾದರೂ ಬೇಕು, 1,100 ಸಾಲಿಗೆ 55 ಗಂಟೆ. ದಿನಕ್ಕೆ ಆರು ಗಂಟೆ ಅದನ್ನೇ ಮಾಡಿದರೂ ಒಂಬತ್ತು ದಿನ ದಾಟುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕೊಡು, ಬಾಯಲ್ಲಿ ಹೇಳಬೇಡ. ಬೈದವರಿಗೂ ಅಂಕಿ ಅರ್ಥವಾಗುತ್ತದೆ.

ಪ್ರಶ್ನೆ: ಬೀದರ್‌ನ ಒಂದು ವಸತಿ ಶಾಲೆಯಲ್ಲಿ ನಮ್ಮ ಆರು ವಾಟರ್ ಫಿಲ್ಟರ್‌ಗಳಿವೆ. ಒಪ್ಪಂದ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ, ಯಂತ್ರವೊಂದಕ್ಕೆ ವರ್ಷಕ್ಕೆ 2,400 ರೂಪಾಯಿ. ಅಲ್ಲಿ ಮೊದಲೇ ಇದ್ದ ಇನ್ನೆರಡು ಯಂತ್ರಗಳನ್ನು ಅಕ್ಟೋಬರ್ 1ರಿಂದ ಸೇರಿಸಿ ಎಂದರು. ನಾನು ಅರ್ಧ ವರ್ಷಕ್ಕೆ 1,200 ಎಂದು ಹೇಳಿದ್ದೆ. ತಂತ್ರಾಂಶ 1,196 ರೂಪಾಯಿ 71 ಪೈಸೆ ತೋರಿಸುತ್ತಿದೆ. ಯಾವುದು ಸರಿ?
– ಮಾರಾಟಗಾರ, ಬೀದರ್

ಉತ್ತರ: ಎರಡೂ ಸರಿ. ನೀವು ತಿಂಗಳು ಎಣಿಸಿದಿರಿ, ತಂತ್ರಾಂಶ ದಿನ ಎಣಿಸಿತು. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ. 2,400ನ್ನು 365ರಿಂದ ಭಾಗಿಸಿ 182ರಿಂದ ಗುಣಿಸಿದರೆ 1,196.71. ಗ್ರಾಹಕರಿಗೆ ನೀವು ಬಾಯಿಂದ ಕೊಟ್ಟ ಮಾತು 1,200 ಆಗಿದ್ದರೆ ತಂತ್ರಾಂಶವನ್ನು ತಿಂಗಳ ಲೆಕ್ಕಕ್ಕೆ ಬದಲಿಸಿ, ಪ್ರತಿ ಬಿಲ್ಲಿನಲ್ಲೂ ಮೂರು ರೂಪಾಯಿಯ ಜಗಳ ಇಟ್ಟುಕೊಳ್ಳಬೇಡಿ. ಒಮ್ಮೆ ಆರಿಸಿದ ಪದ್ಧತಿ ಎಲ್ಲ ಗ್ರಾಹಕರಿಗೂ ಒಂದೇ ಇರಲಿ.

ನಡುವೆ ಸೇರಿದ ಎರಡು ಯಂತ್ರಗಳ ಒಪ್ಪಂದವನ್ನೂ ಮಾರ್ಚ್ 31ಕ್ಕೇ ಮುಗಿಸಿದ್ದು ಒಳ್ಳೆಯ ಕೆಲಸ. ಶಾಲೆಯ ಕಚೇರಿಯವರು ವರ್ಷಕ್ಕೆ ಒಂದೇ ಸಲ ಕಡತ ತೆಗೆದು, ಒಂದೇ ಚೆಕ್ ಬರೆದು ಮುಗಿಸುತ್ತಾರೆ. ಆದರೆ ಇಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿಯಿದೆ. ತಂತ್ರಾಂಶ ಹಣವನ್ನು ಅರ್ಧ ಮಾಡುತ್ತದೆ, ಭೇಟಿಗಳನ್ನು ಅರ್ಧ ಮಾಡುವುದಿಲ್ಲ. ವರ್ಷಕ್ಕೆ ನಾಲ್ಕು ಭೇಟಿ ಎಂದಿದ್ದರೆ ಆ ನಾಲ್ಕನ್ನೂ ಆರು ತಿಂಗಳಲ್ಲಿ ತುರುಕಿರುತ್ತದೆ, ಇಲ್ಲವೇ ಮಾರ್ಚ್ 31ರ ಆಚೆಗೂ ಭೇಟಿ ತೋರಿಸುತ್ತದೆ. ಎರಡು ಭೇಟಿ ಎಂದು ಕೈಯಿಂದ ತಿದ್ದಿ. ಒಪ್ಪಂದದಲ್ಲಿ ನೀರು ಸೋಸುವ ಭಾಗಗಳಾದ ಕ್ಯಾಂಡಲ್ ಮತ್ತು ಮೆಂಬ್ರೇನ್ ಬದಲಾವಣೆಯೂ ಸೇರಿದ್ದರೆ ಅದನ್ನು ದಿನದ ಲೆಕ್ಕದಲ್ಲಿ ಹಂಚಲು ಬರುವುದಿಲ್ಲ, ಅರ್ಧ ಮೆಂಬ್ರೇನ್ ಎಂಬುದು ಇಲ್ಲವಲ್ಲ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ನಡುವೆ ಸೇರುವ ಯಂತ್ರಕ್ಕೆ ಸೇವೆ ಮಾತ್ರ ಕೊಟ್ಟು, ಬಿಡಿಭಾಗದ ಹಣವನ್ನು ಏಪ್ರಿಲ್‌ವರೆಗೆ ಪ್ರತ್ಯೇಕವಾಗಿ ತೆಗೆದುಕೊಳ್ಳುವುದು ಇಬ್ಬರಿಗೂ ನ್ಯಾಯ.

ತಿಂಗಳ ಬಿಲ್ಲು ಮಾಡುವವರಿಗೂ ಇಲ್ಲೇ ಒಂದು ಮಾತು. ಜನವರಿ 31ಕ್ಕೆ ಶುರು ಮಾಡಿದ ಬಿಲ್ಲು ಫೆಬ್ರವರಿಯಲ್ಲಿ 28ಕ್ಕೆ ಇಳಿಯುತ್ತದೆ. ಕೆಲವು ತಂತ್ರಾಂಶಗಳಲ್ಲಿ ಆಮೇಲೆ ಅದು 28ರಲ್ಲೇ ಉಳಿದುಬಿಡುತ್ತದೆ. ಬಿಲ್ಲಿನ ದಿನವನ್ನು ಒಂದನೇ ತಾರೀಖಿಗೆ ಕಟ್ಟಿದರೆ ಈ ಕಾಟವಿಲ್ಲ.

ಪ್ರಶ್ನೆ: ಶಹಾಪುರದಲ್ಲಿ ನಮ್ಮದು ಇನ್ವರ್ಟರ್ ಅಂಗಡಿ. ಒಪ್ಪಂದದಲ್ಲಿದ್ದ ಒಂದು ಬ್ಯಾಟರಿ ವಾರಂಟಿಯಲ್ಲೇ ಹೋಯಿತು, ಕಂಪನಿ ಹೊಸದು ಕೊಟ್ಟಿತು. ಸೀರಿಯಲ್ ನಂಬರ್ ಬದಲಾಗಿದೆ. ಹಳೆಯ ದಾಖಲೆಯಲ್ಲೇ ನಂಬರ್ ತಿದ್ದಿದರೆ ಆಗುವುದಿಲ್ಲವೇ?
– ಇನ್ವರ್ಟರ್ ಅಂಗಡಿಯವರು, ಯಾದಗಿರಿ ಜಿಲ್ಲೆ

ಉತ್ತರ: ದಯವಿಟ್ಟು ತಿದ್ದಬೇಡಿ. ತಿದ್ದಿದ ಕ್ಷಣಕ್ಕೆ ಹಳೆಯ ಬ್ಯಾಟರಿ ಇತ್ತೆಂಬುದೇ ಮಾಯವಾಗುತ್ತದೆ. ಅದಕ್ಕೆ ಎಷ್ಟು ಸಲ ನೀರು ಹಾಕಿದ್ದೀರಿ, ಯಾವ ತಿಂಗಳು ಗ್ರ್ಯಾವಿಟಿ (ಆಸಿಡ್‌ನ ಸಾಂದ್ರತೆ) ಇಳಿದಿತ್ತು, ಕಂಪನಿಗೆ ಎಂದು ದೂರು ಕೊಟ್ಟಿರಿ ಎಂಬುದೆಲ್ಲ ಹೊಸ ಬ್ಯಾಟರಿಯ ಮೈಮೇಲೆ ಬೀಳುತ್ತದೆ. ನಾಳೆ ಕಂಪನಿಯವರು ಲೆಕ್ಕ ಕೇಳಿದರೆ ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಹಳೆಯ ದಾಖಲೆಯನ್ನು ‘ಬದಲಾಯಿಸಲಾಗಿದೆ’ ಎಂಬ ಸ್ಥಿತಿಗೆ ತನ್ನಿ. ಅದರ ಮೇಲಿನ ಸೇವೆಯ ಸಾಲನ್ನು ಬದಲಾದ ಹಿಂದಿನ ದಿನಕ್ಕೆ ಮುಗಿಸಿ. ಹೊಸ ಬ್ಯಾಟರಿಗೆ ಹೊಸ ದಾಖಲೆ ತೆರೆದು, ‘ಇದು ಯಾವುದರ ಬದಲಿಗೆ ಬಂತು’ ಎಂಬಲ್ಲಿ ಹಳೆಯ ನಂಬರ್ ಬರೆಯಿರಿ. ಉಳಿದ ಅವಧಿಯ ಸೇವೆಯನ್ನು ಸೊನ್ನೆ ದರದಲ್ಲಿ ಅದಕ್ಕೆ ಕಟ್ಟಿ, ಏಕೆಂದರೆ ಗ್ರಾಹಕರು ಹಣವನ್ನು ಮೊದಲೇ ಕೊಟ್ಟಿದ್ದಾರೆ. ಬದಲಿ ಬ್ಯಾಟರಿಗೆ ಸಾಮಾನ್ಯವಾಗಿ ಮೊದಲನೆಯದರ ಉಳಿದ ವಾರಂಟಿ ಮಾತ್ರ ಸಿಗುತ್ತದೆ. ತಂತ್ರಾಂಶ ಹೊಸ ದಾಖಲೆಗೆ ಪೂರ್ತಿ ವಾರಂಟಿ ತುಂಬಿಬಿಡುತ್ತದೆ, ವಾರಂಟಿ ಕಾರ್ಡ್ ನೋಡಿ ಅದನ್ನು ಸರಿಪಡಿಸಿ.

ನಿಮ್ಮ ಪತ್ರದ ಧಾಟಿ ನೋಡಿದರೆ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಒಂದೇ ಅಸೆಟ್ ಎಂದು ಬರೆದಿರುವಂತಿದೆ. ಅವು ಎರಡು. ಇನ್ವರ್ಟರ್ ಹತ್ತು ವರ್ಷ ಬಾಳಬಹುದು, ಅಷ್ಟರಲ್ಲಿ ಬ್ಯಾಟರಿ ಎರಡು ಸಲ ಬದಲಾಗಿರುತ್ತದೆ. ಇನ್ವರ್ಟರನ್ನು ತಾಯಿ ದಾಖಲೆ ಮಾಡಿ, ಬ್ಯಾಟರಿಯನ್ನು ಅದರ ಕೆಳಗೆ ಇಡಿ. ನೀರು ಹಾಕುವ ಸೇವೆ ಬ್ಯಾಟರಿಗೆ ಸೇರಬೇಕು. ಶಹಾಪುರದ ಬಿಸಿಲಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಆ ಭೇಟಿಗಳ ನಡುವಿನ ಅಂತರವನ್ನೂ ಕಡಿಮೆ ಮಾಡಿ.

ಪ್ರಶ್ನೆ: ಮೂರು ತಿಂಗಳಿಗೊಮ್ಮೆ ಹಣ ಕೊಡುವ ಒಪ್ಪಂದಗಳಿವೆ. ಗ್ರಾಹಕರು ಹಣ ಕೊಟ್ಟ ಮೇಲೆಯೇ ಜಿಎಸ್‌ಟಿ ಬಿಲ್ ಮಾಡುತ್ತೇವೆ. ಸರಿಯೇ?
– ಎಸಿ ಸರ್ವೀಸ್ ನಡೆಸುವವರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಒಪ್ಪಂದದಲ್ಲಿ ಹಣ ಕೊಡುವ ದಿನ ಬರೆದಿದೆಯೇ ಎಂಬುದರ ಮೇಲೆ ಇದು ನಿಂತಿದೆ. ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಗೆ, ಕಂತಿನಲ್ಲಿ ಹಣ ಪಡೆಯುತ್ತಾ, ಮರುಕಳಿಸಿ ಕೊಡುವ ಸೇವೆಯನ್ನು ಜಿಎಸ್‌ಟಿ ಕಾಯ್ದೆ ನಿರಂತರ ಸೇವೆ ಎಂದು ಕರೆಯುತ್ತದೆ. ಕಾಯ್ದೆಯ 31ನೇ ಕಲಮಿನ 5ನೇ ಉಪಕಲಮಿನಂತೆ, ಹಣದ ದಿನ ಒಪ್ಪಂದದಿಂದ ತಿಳಿಯುವಂತಿದ್ದರೆ ಆ ದಿನ ಅಥವಾ ಅದಕ್ಕೂ ಮೊದಲು ಬಿಲ್ ಆಗಬೇಕು. ಗ್ರಾಹಕರು ತಡ ಮಾಡಿದರೂ ಬಿಲ್ಲಿನ ದಿನ ಮುಂದೆ ಹೋಗುವುದಿಲ್ಲ. ದಿನ ತಿಳಿಯದಿದ್ದರೆ ಮಾತ್ರ ಹಣ ಬಂದಾಗ ಅಥವಾ ಅದಕ್ಕೂ ಮೊದಲು. ಇನ್ನೊಂದು: ಸರಕಿನ ಮುಂಗಡದ ಮೇಲೆ ತೆರಿಗೆ ಆಗಲೇ ಬೀಳುವುದಿಲ್ಲ, ಸೇವೆಯ ಮುಂಗಡದ ಮೇಲೆ ಬೀಳುತ್ತದೆ. ದುರಸ್ತಿ, ನಿರ್ವಹಣೆಗೆ ದರ ಶೇ. 18. ತಂತ್ರಾಂಶದಲ್ಲಿ ಕಂತಿನ ದಿನವನ್ನೇ ಬಿಲ್ಲಿನ ದಿನ ಎಂದು ಇಡಿ, ನಿಮ್ಮ ಲೆಕ್ಕ ಪರಿಶೋಧಕರಿಗೆ ಒಪ್ಪಂದದ ನಮೂನೆಯನ್ನು ಒಮ್ಮೆ ತೋರಿಸಿ.

ಪ್ರಶ್ನೆ: ಸುರಪುರದಲ್ಲಿ ಹೊಲಿಗೆ ಯಂತ್ರಗಳನ್ನು ಮಾರಿ ದುರಸ್ತಿ ಮಾಡುತ್ತೇನೆ. ವರ್ಷದ ಸೇವೆಗೆ ಒಪ್ಪಿದವು ನಲವತ್ತು ಯಂತ್ರ ಮಾತ್ರ. ನನಗೂ ತಂತ್ರಾಂಶ ಬೇಕೇ?
– ಸುರಪುರದ ಓದುಗ

ಉತ್ತರ: ಈಗಲೇ ಬೇಡ ಅಣ್ಣಾ. ನಲವತ್ತು ಯಂತ್ರಕ್ಕೆ ರಟ್ಟಿನ ಕಟ್ಟಿರುವ ಒಂದು ಉದ್ದ ಲೆಡ್ಜರ್ ಸಾಕು. ಗ್ರಾಹಕರಿಗೆ ಒಂದು ಪುಟ ಎಂದು ಬರೆಯಬೇಡಿ, ಯಂತ್ರಕ್ಕೆ ಒಂದು ಪುಟ ಎಂದು ಬರೆಯಿರಿ. ಪುಟದ ತಲೆಯಲ್ಲಿ ಸೀರಿಯಲ್ ನಂಬರ್, ಮಾದರಿ, ಮಾರಿದ ದಿನ, ವಾರಂಟಿ ಮುಗಿಯುವ ದಿನ. ಅದರ ಕೆಳಗೆ ಯಜಮಾನರ ಹೆಸರು ಪೆನ್ಸಿಲಿನಲ್ಲಿ ಇರಲಿ, ಏಕೆಂದರೆ ಹೊಲಿಗೆ ಯಂತ್ರ ಕೈ ಬದಲಿಸುತ್ತದೆ. ಮಗಳ ಮದುವೆಗೆ ಕೊಡುತ್ತಾರೆ, ಅಕ್ಕನಿಂದ ತಂಗಿಗೆ ಹೋಗುತ್ತದೆ, ಯಂತ್ರದ ಜೊತೆ ಸೇವೆಯೂ ಹೋಗಬೇಕು. ನಂತರ ಎರಡು ಅಂಕಣ: ಎಡಕ್ಕೆ ಹೋಗಿ ಬಂದ ದಿನಗಳು ಮತ್ತು ಮಾಡಿದ ಕೆಲಸ, ಬಲಕ್ಕೆ ಬಂದ ಹಣ. ಪುಸ್ತಕದ ಕೊನೆಯ ಹನ್ನೆರಡು ಪುಟಗಳನ್ನು ತಿಂಗಳಿಗೊಂದರಂತೆ ಬಿಟ್ಟುಕೊಂಡು, ಆ ತಿಂಗಳು ನೋಡಬೇಕಾದ ಯಂತ್ರಗಳ ಪುಟ ಸಂಖ್ಯೆಯನ್ನು ಅಲ್ಲಿ ಬರೆದಿಡಿ. ದಸರೆ, ದೀಪಾವಳಿಗೆ ಮುಂಚಿನ ಪುಟ ತುಂಬಿ ಹೋಗುತ್ತದೆ, ಅದಕ್ಕೆ ಹೆಚ್ಚು ಜಾಗ ಬಿಡಿ. ಯಂತ್ರಗಳು ಇನ್ನೂರು ದಾಟಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ತಂತ್ರಾಂಶಕ್ಕೆ ತುಂಬಬೇಕಾದ ಎಲ್ಲವೂ ಆ ಪುಸ್ತಕದಲ್ಲಿ ಅದೇ ಕ್ರಮದಲ್ಲಿ ಸಿದ್ಧವಾಗಿರುತ್ತದೆ.